ಕಡ್ಡಿ ಮುರಿದವನು

ಲಾಂದಿನಾ ಎಲ್ಲರಿಗೂ ಬಟ್ಟಲು ಇಟ್ಟಾದ ಮೇಲೆ ಇನ್ನೊಂದನ್ನು ತಂದು ಬೆಂಚಿನ ತುದಿಯಲ್ಲಿಟ್ಟಳು. ಸೊಸೆ ಅದಾಲಾ ಸೌಟನ್ನು ಬಟಾಣಿ ಗಂಜಿಯೊಳಗೇ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅತ್ತೆ, ಎರಡು ವರ್ಷ ಆಯ್ತು. ಗಾಳಿಗೆ ಬಡಿಸ್ತಾ ಇದ್ದೀವಿ.”

“ಗಾಳಿಗಲ್ಲ, ಇಂಗೋಗೆ.”

“ಅವನು ಬರ್ಲಿ, ಬಿಸಿಬಿಸಿಯಾಗಿ ನಾನೇ ಬಡಿಸ್ತೀನಿ. ಈಗ ಇಟ್ಟಿದ್ದು ಹಂದಿಗೇ ಹೋಗೋದು.”

“ನೀನು ಉಪ್ಪು ಮರೆತ ದಿನ ಎಲ್ಲರ ಬಟ್ಟಲೂ ಹಂದಿಗೇ ಹೋಗುತ್ತಲ್ಲ, ಅದಕ್ಕೆ ಮಾತ್ರ ಲೆಕ್ಕ ಇಲ್ವಾ?”

ಹಿರಿಯ ಮಗ ಎರ್ಕಾನ್ ನಕ್ಕ. ಹೆಂಡತಿ ತಿರುಗಿ ನೋಡಿದ ಮೇಲೆ ನಗು ನಿಲ್ಲಿಸಿ ರೊಟ್ಟಿ ಮುರಿದ. ಕಿರಿಯವನು ಫ್ರೋತಾರ್ ತಲೆ ಎತ್ತಲಿಲ್ಲ. ಆ ಖಾಲಿ ಜಾಗದ ಪಕ್ಕ ಕೂರುವವನು ಅವನೇ.

ಮೂವರು ಗಂಡುಮಕ್ಕಳಲ್ಲಿ ಇಂಗೋ ನಡುವಿನವನು. ಮುದಿ ಚಕ್ರವರ್ತಿಯ ಮೊಮ್ಮಕ್ಕಳು ರಾಜ್ಯಕ್ಕಾಗಿ ಹೊಡೆದಾಡಿದ ವರ್ಷ ಅವನು ಹೊಳೆಯಾಚೆಯ ಒಡೆಯನ ಬಳಿ ಕುದುರೆ ನೋಡಿಕೊಂಡಿದ್ದ. ಹಾಗಾಗಿ ಕಾರ್ಲ್ ದೊರೆಯ ಕಡೆ ಹೋದ. ಫ್ರೋತಾರ್ ಈಚೆ ದಂಡೆಯವರ ಜೊತೆ ಲೋಥಾರ್ ದೊರೆಯ ಕಡೆ ಹೋದ. ಒಂದು ತೊರೆಯ ಎರಡು ದಡದಲ್ಲಿ, ಒಂದೇ ಬೆಳಗಿನ ಜಾವ, ಅಣ್ಣ ತಮ್ಮ ಎದುರುಬದುರು ನಿಂತರು. ನಮ್ಮ ಸೀಮೆಯಲ್ಲಿ ಇದು ಈ ಮನೆಯೊಂದರ ಕಥೆಯಲ್ಲ, ಅನೇಕ ಮನೆಗಳದ್ದು. ಫ್ರೋತಾರ್ ಮನೆಗೆ ಬಂದ. ಇಂಗೋ ಬರಲಿಲ್ಲ. ಅವನ ಹೆಣ ನೋಡಿದವರೂ ಇರಲಿಲ್ಲ.

“ನೋಡಿದ್ಯೇನೋ ಅವನನ್ನ?” ಎಂದು ತಾಯಿ ಆಗ ಕೇಳಿದ್ದಳು.

“ಸೂರ್ಯ ನೇರ ಕಣ್ಣಿಗೆ ಹೊಡೀತಿತ್ತಮ್ಮ. ಎದುರಿಗಿದ್ದವರೆಲ್ಲ ಬರೀ ಕಪ್ಪಗೆ ಕಾಣ್ತಿದ್ರು.”

ಯಾರು ಎಷ್ಟು ಸಲ ಕೇಳಿದರೂ ಅವನದ್ದು ಅದೇ ಉತ್ತರ. ಸೂರ್ಯ ಕಣ್ಣಿಗೆ ಹೊಡೀತಿತ್ತು.

ಈಗ ಆ ಮೂವರು ದೊರೆಗಳು ರಾಜಿಯಾಗಿ ರಾಜ್ಯವನ್ನು ಮೂರು ಪಾಲು ಮಾಡಿಕೊಂಡಿದ್ದರು. ಮ್ಯೂಸ್ ಹೊಳೆಯ ಈಚೆ ಲೋಥಾರನದು, ನಮ್ಮೂರಿನ ಎದುರಿನ ದಂಡೆ ಕಾರ್ಲನದು. ಒಂದು ಕಾಲಕ್ಕೆ ಸಮುದ್ರದಿಂದ ಹಿಮದ ಬೆಟ್ಟದವರೆಗೂ ಒಂದೇ ನೆಲ ಎನ್ನುತ್ತಿದ್ದ ಮುದುಕರು ಈಗ ಹಂದಿ ಹೊಳೆ ಈಜಿ ದಾಟಿದರೆ ಪರದೇಶಕ್ಕೆ ಹೋಯಿತು ಎಂದು ತಮಾಷೆ ಮಾಡುತ್ತಿದ್ದರು. ಲಾಂದಿನಾಳ ತವರು ಆಚೆ ದಂಡೆ. ಅವಳ ಮಾತೂ ಆ ಕಡೆಯದು. ಗಂಡನದು ಈಚೆಯ ಫ್ರಾಂಕರ ಮಾತು. ಇಂಗೋ ತಾಯಿಯ ಮಾತನ್ನು ತಾಯಿಯ ಹಾಗೇ ಆಡುತ್ತಿದ್ದ. ಫ್ರೋತಾರನ ನಾಲಿಗೆ ಅದರಲ್ಲಿ ತೊಡರುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವಳ ಗಂಡ ತೀರಿಕೊಂಡ. ನಮ್ಮಲ್ಲಿ ಅಪ್ಪ ಸತ್ತರೆ ಗಂಡುಮಕ್ಕಳಿಗೆಲ್ಲ ಸಮಪಾಲು. ದೊರೆಗಳ ಮನೆಯಲ್ಲೂ ಅದೇ, ಹಂದಿ ಸಾಕುವವರ ಮನೆಯಲ್ಲೂ ಅದೇ. ಮನೆಯ ಹಿಂದಿನ ರೈ ಧಾನ್ಯದ ಹೊಲ, ಕಾಡಿನಂಚಿನ ಜಮೀನು, ಹೊಳೆದಂಡೆಯ ಹುಲ್ಲುಗಾವಲು, ಇಷ್ಟು ಮೂವರಿಗೆ. ಹುಲ್ಲುಗಾವಲು ಇಂಗೋನ ಪಾಲಿಗೆ ಎಂದು ಅಪ್ಪನೇ ಹೇಳಿ ಸತ್ತಿದ್ದ. ಅದಿಲ್ಲದಿದ್ದರೆ ಚಳಿಗಾಲಕ್ಕೆ ಎತ್ತಿಗೆ ಮೇವಿಲ್ಲ.

ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಎದುರಾಳಿ ದೊರೆಯ ಪರ ಹೋದವರ ಪಾಲನ್ನು ಲೋಥಾರನ ಕಡೆಯವರು ತೆಗೆದುಕೊಳ್ಳುತ್ತಾರಂತೆ.

ಎರ್ಕಾನ್ ತಮ್ಮನನ್ನು ಹಂದಿ ದೊಡ್ಡಿಯ ಹಿಂದೆ ಕರೆದುಕೊಂಡು ಹೋದ.

“ಇಂಗೋ ಕಡ್ಡಿ ಮುರಿದು ಕುಲ ಬಿಟ್ಟಿದ್ರೆ ಪಾಲು ನಮ್ಮಿಬ್ಬರದು. ದೊರೆ ಮುಟ್ಟೋ ಹಾಗಿಲ್ಲ.”

“ಅವನು ಮುರಿದಿಲ್ವಲ್ಲಣ್ಣ.”

“ಮುರೀತಾನೆ. ಮೇಲಿನ ಸೀಮೆಯ ನ್ಯಾಯಕೂಟದಲ್ಲಿ. ಅಲ್ಲಿಗೆ ಹೊಸ ಅಧಿಕಾರಿ ಬಂದಿದ್ದಾನೆ, ನಮ್ಮ ಮುಖ ಯಾರಿಗೂ ಗೊತ್ತಿಲ್ಲ. ಇಂಗೋನ ಅಂಗಿ ಪೆಟ್ಟಿಗೆಯಲ್ಲೇ ಇದೆ. ನಿನಗೆ ಸರಿಯಾಗಿ ಆಗುತ್ತೆ, ದಾರೀಲಿ ಕಂಡವರೂ ಅವನೇ ಅಂದ್ಕೋತಾರೆ.”

ಫ್ರೋತಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಸುಳ್ಳು ಆಣೆ ಮಾಡೋದಾ?”

“ಆಣೆ ಮಾಡೋದಲ್ವೋ ದಡ್ಡ, ಆಣೆ ಬಿಡೋದು. ಅದಕ್ಕೆ ಯಾವ ಸಂತನೂ ಸಿಟ್ಟಾಗಲ್ಲ.”

“ಅಮ್ಮನಿಗೆ ಗೊತ್ತಾದ್ರೆ?”

“ಎತ್ತು ಸತ್ರೆ ಅಮ್ಮನಿಗೆ ತಾನಾಗೇ ಗೊತ್ತಾಗುತ್ತೆ. ಅದಕ್ಕಿಂತ ಇದು ವಾಸಿ.”

ಕುಲ ಬಿಟ್ಟುಹೋಗುವವನು ಕೂಟದ ನಡುವೆ ನಿಂತು, ನಾಲ್ಕು ಆಲ್ಡರ್ ಕಡ್ಡಿಗಳನ್ನು ತಲೆಯ ಮೇಲೆ ಹಿಡಿದು ಮುರಿಯಬೇಕು. ತುಂಡುಗಳನ್ನು ನಾಲ್ಕು ದಿಕ್ಕಿಗೆ ಎಸೆಯಬೇಕು. ಅಲ್ಲಿಂದಾಚೆ ಅವನು ಆ ಮನೆಯವರ ಪರ ಆಣೆ ಮಾಡುವಂತಿಲ್ಲ, ಅವನಿಗೆ ಆ ಮನೆಯ ಪಾಲಿಲ್ಲ, ಆ ಮನೆಯವರ ಸಾವಿನಲ್ಲಿ ಹಕ್ಕಿಲ್ಲ, ಅವನ ಸಾವು ಆ ಮನೆಗೆ ಸೇರಿದ್ದಲ್ಲ. ಆಲ್ಡರ್ ಹೊಳೆದಂಡೆಯ ಮರ. ಕಡಿದಾಗ ಅದರ ಒಳಗು ಬೆಳ್ಳಗಿರುತ್ತದೆ. ನೋಡುತ್ತ ನಿಂತರೆ ಕಣ್ಣೆದುರೇ ಕೆಂಪಾಗುತ್ತದೆ, ಗಾಯದ ಹಾಗೆ. ಮಕ್ಕಳು ಆ ಮರ ಕಡಿಯಲು ಹೆದರುತ್ತಾರೆ.

ಫ್ರೋತಾರ್ ಇಂಗೋನ ನೀಲಿ ಅಂಗಿ ತೊಟ್ಟು ಅಣ್ಣನ ಜೊತೆ ಹೋದ. ಹೊಸ ಅಧಿಕಾರಿ ಬೀರು ಕುಡಿಯುತ್ತ ಕುಳಿತಿದ್ದ. ಹೆಸರು ಕೇಳಿದ. “ಇಂಗೋ” ಎಂದು ಎರ್ಕಾನನೇ ಹೇಳಿದ. ಮುಂದಿನ ಮಾತಿನಲ್ಲಿ ಹೆಸರಿಗೆ ಜಾಗವಿರಲಿಲ್ಲ, ಅದು ಹಿಂದಿನಿಂದ ಬಂದ ಮಾತು. “ಈ ಮನೆಯ ಆಣೆ ನಾನು ಬಿಟ್ಟೆ. ಈ ಮನೆಯ ಪಾಲು ನಾನು ಬಿಟ್ಟೆ. ಈ ಮನೆಯ ರಕ್ತ ನಾನು ಬಿಟ್ಟೆ.” ಫ್ರೋತಾರ್ ಅಷ್ಟನ್ನೂ ಹೇಳಿದ. ಮೂರು ಕಡ್ಡಿಗಳು ಸುಲಭವಾಗಿ ಮುರಿದವು. ನಾಲ್ಕನೆಯದು ಹಸಿ. ಬಾಗಿತೇ ಹೊರತು ಮುರಿಯಲಿಲ್ಲ. ಕೂಟದವರು ನಕ್ಕರು. ಅವನು ಹಲ್ಲು ಕಚ್ಚಿ ತಿರುಚಿ ತಿರುಚಿ ಹರಿದ. ಅಂಗೈಯೆಲ್ಲ ಕೆಂಪಾಯಿತು.

ಸಂಜೆ ಹೊತ್ತಿಗೆ ಅವರು ಹಿಂದಿರುಗಿದಾಗ ಲಾಂದಿನಾ ಹೊಳೆಯಲ್ಲಿ ನೆನೆಹಾಕಿದ್ದ ಅಗಸೆ ಕಟ್ಟುಗಳನ್ನು ಎತ್ತಿ ದಡಕ್ಕೆ ಹಾಕುತ್ತಿದ್ದಳು. ನೀಲಿ ಅಂಗಿ ಕಾಣಿಸಿತು. ಕೈಯಲ್ಲಿದ್ದ ಕಟ್ಟು ನೀರಿಗೆ ಬಿತ್ತು.

“ಇಂಗೋ!”

ಅವಳು ಓಡಿಬಂದ ರೀತಿಯನ್ನು ಬೇಲಿಯಾಚೆಯಿಂದ ನೋಡಿದ ನಾವ್ಯಾರೂ ಮರೆತಿಲ್ಲ. ಅವನ ಮುಂಗೈ ಹಿಡಿದು ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದಳು.

“ಅಮ್ಮ, ನಾನು ಕಣಮ್ಮ,” ಎಂದ ಫ್ರೋತಾರ್, ಅಪ್ಪನ ಭಾಷೆಯಲ್ಲಿ.

ಅವಳು ಕೈ ಬಿಟ್ಟಳು. ಮುಖ ನೋಡಿದಳು, ಅಂಗಿ ನೋಡಿದಳು, ಅಂಗೈ ನೋಡಿದಳು. ಎರ್ಕಾನ್ ನಡುವೆ ಬಂದು ಅವಸರವಾಗಿ ಎಲ್ಲವನ್ನೂ ಹೇಳಿದ. ಹುಲ್ಲುಗಾವಲು, ಎತ್ತು, ದೊರೆಯ ಕಡೆಯವರು, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

“ಕಡ್ಡಿ ಮುರಿದದ್ದು ಯಾರ ಕೈ?”

“ಇವನದೇ, ಆದ್ರೆ ಹೆಸರು...”

“ರಕ್ತ ಬಿಟ್ಟೆ ಅಂದದ್ದು ಯಾರ ಬಾಯಿ?”

“ನನ್ನದಮ್ಮ,” ಎಂದ ಫ್ರೋತಾರ್.

“ಕಡ್ಡಿಗೆ ಕಿವಿ ಇದ್ಯಾ, ಹೆಸರು ಕೇಳಿಸಿಕೊಳ್ಳೋಕೆ?” ಎಂದಳು ಲಾಂದಿನಾ. ಅಷ್ಟೇ. ಮತ್ತೆ ನೀರಿಗಿಳಿದು ತೇಲಿಹೋಗುತ್ತಿದ್ದ ಕಟ್ಟನ್ನು ಹಿಡಿದಳು.

ಅಂದು ಊಟಕ್ಕೆ ಕೂತಾಗ ಎಲ್ಲರಿಗೂ ಬಟ್ಟಲಿತ್ತು, ಇಂಗೋನ ಜಾಗದಲ್ಲೂ ಇತ್ತು. ಫ್ರೋತಾರನ ಜಾಗದಲ್ಲಿ ಇರಲಿಲ್ಲ. ಅವನು ನಿಂತೇ ಇದ್ದ.

“ನಿಂತಿದ್ದೀರಲ್ಲ, ಕೂತ್ಕೊಳ್ಳಿ,” ಎಂದಳು ಲಾಂದಿನಾ. “ದೂರದಿಂದ ಬಂದ ಹಾಗಿದೆ. ಬಾಗಿಲ ಹತ್ತಿರ ಮಣೆ ಇದೆ. ಸೊಸೆ ಊಟ ಕೊಡ್ತಾಳೆ.”

ಅದಾಲಾ ಗೊಳ್ಳೆಂದು ನಕ್ಕಳು. “ಚೆನ್ನಾಗಿದೆ ಅತ್ತೆ! ಬೈಯೋದಾದ್ರೆ ಬಾಯಿ ತುಂಬ ಬೈದುಬಿಡಿ. ಈ ಬಹುವಚನ ಯಾಕೆ?”

“ಗೊತ್ತಿಲ್ಲದವರನ್ನ ಏಕವಚನದಲ್ಲಿ ಕರೆಯೋದು ನಮ್ಮ ತವರಲ್ಲಿ ಕಲಿಸಿಲ್ಲ.”

ಎರಡು ದಿನ ಕೋಪ, ಆಮೇಲೆ ಇಳಿಯುತ್ತದೆ ಎಂದುಕೊಂಡರು. ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ಅದು ಕೋಪದ ಹಾಗೆ ಕಾಣುತ್ತಲೇ ಇರಲಿಲ್ಲ. ಲಾಂದಿನಾ ಎಂದಿನಂತೆ ಹಿಟ್ಟು ಬೀಸಿದಳು, ಗಿಣ್ಣು ಒತ್ತಿದಳು, ಸೊಸೆಯ ಜೊತೆ ಎಲೆಕೋಸಿನ ಹುಳದ ವಿಷಯ ಜಗಳವಾಡಿದಳು. ಫ್ರೋತಾರ್ ಸೌದೆ ತಂದಿಟ್ಟರೆ, “ನಿಮಗ್ಯಾಕೆ ತೊಂದರೆ?” ಎನ್ನುವಳು. ಒಮ್ಮೆ ಅವನು ಅವಳ ಎದುರು ಮಂಡಿಯೂರಿ, “ಅಮ್ಮ, ಹೊಡಿ ಬೇಕಾದ್ರೆ. ಹೀಗೆ ಮಾಡ್ಬೇಡ,” ಎಂದು ಅತ್ತ. ಅವಳು ತೀರ ಮೆತ್ತಗಿನ ದನಿಯಲ್ಲಿ, “ನಿಮ್ಮ ತಾಯಿ ಎಲ್ಲಿದ್ದಾರಪ್ಪ? ಪಾಪ, ಕಾಯ್ತಾ ಇರ್ತಾರೆ, ಹೋಗಿ,” ಎಂದಳು. ಅವನು ಎದ್ದು ಹೊರಗೆ ಹೋದ. ಅಂಗೈಯ ಕೆಂಪನ್ನು ಬೂದಿ ಹಾಕಿ ಉಜ್ಜಿದ. ಹೋಗಲಿಲ್ಲ.

ಓಕ್ ಕಾಯಿ ಉದುರುವ ಕಾಲ ಬಂತು. ಹಂದಿಗಳನ್ನು ಕಾಡಿಗೆ ಹೊಡೆದುಕೊಂಡು ಹೋಗುವ ಕೆಲಸ ಫ್ರೋತಾರನದು. ಎರ್ಕಾನನ ಪುಟ್ಟ ಮಗಳು ರಿಕ್ಕಾ ಒಂದು ದಿನ ಅವನ ಹಿಂದೆ ಹೋದವಳು ಮಧ್ಯದಲ್ಲೇ ನಿಂತಳು.

“ಬಾರೆ, ಯಾಕೆ ನಿಂತೆ?”

“ಗೊತ್ತಿಲ್ಲದವರ ಜೊತೆ ಕಾಡಿಗೆ ಹೋಗ್ಬಾರ್ದಂತೆ.”

“ನಾನು ಚಿಕ್ಕಪ್ಪ ಅಲ್ವೇನೆ?”

“ಫ್ರೋತಾರ್ ಚಿಕ್ಕಪ್ಪ ಹೊರಟುಹೋದ್ರು. ಅಜ್ಜಿ ಹೇಳಿದ್ರು.” ಅವಳು ಅವನ ಮುಖವನ್ನು ಗಮನವಿಟ್ಟು ನೋಡಿದಳು. “ನೀವು ಸ್ವಲ್ಪ ಅವರ ಹಾಗೇ ಇದ್ದೀರಿ.”

ಆ ಮನೆಯಲ್ಲಿ ಒಂದು ಮುದಿ ನಾಯಿ ಇತ್ತು. ಇಂಗೋ ಹೋದ ಮೇಲೆ ಅದು ಯಾರ ಕಾಲ ಬಳಿಯೂ ಮಲಗಿದ್ದಿಲ್ಲ. ಚಳಿ ಶುರುವಾದ ಮೇಲೆ ಫ್ರೋತಾರನ ಹಳೆಯ ಅಂಗಿ ಹರಿದುಹೋಗಿ, ಬೇರೆ ಇಲ್ಲದ್ದಕ್ಕೆ ಅವನು ಮತ್ತೆ ಆ ನೀಲಿ ಅಂಗಿಯನ್ನೇ ಹಾಕಿಕೊಂಡ. ನಾಯಿ ಎದ್ದು ಬಂದು ಅವನ ಪಾದದ ಮೇಲೆ ಗದ್ದ ಇಟ್ಟು ಮಲಗಿತು.

“ಅಂಗಿಯ ವಾಸನೆಗೆ,” ಎಂದ ಎರ್ಕಾನ್.

“ಒಗೆದು ಪೆಟ್ಟಿಗೇಲಿಟ್ಟು ಎರಡು ವರ್ಷ ಆಗಿತ್ತು,” ಎಂದಳು ಅದಾಲಾ.

ಅದಾಲಾ ಧೈರ್ಯದ ಹೆಂಗಸು. ಒಂದು ಮಧ್ಯಾಹ್ನ ರೊಟ್ಟಿ ಬೇಯಿಸುತ್ತ ಗಂಡನಿಗೆ ಕಡ್ಡಿ ಮುರಿದಂತೆ ಹೇಳಿದಳು.

“ಇದನ್ನ ಮುಗಿಸು. ಫ್ರೋತಾರ್‌ಗೆ ಅವನ ಪಾಲು ಅಳೆದುಕೊಡು, ಕಾಡಿನಂಚಲ್ಲಿ ಗುಡಿಸಲು ಹಾಕ್ಕೊಳ್ಳಲಿ. ಈ ಮನೇಲಿರೋಕೆ ನನಗೆ ಹೆದರಿಕೆ.”

“ನಿನಗಾ? ನೀನು ತೋಳಕ್ಕೆ ಪೊರಕೆ ಎಸೆದವಳು.”

“ತೋಳ ತೋಳದ ಹಾಗೇ ಇತ್ತು.” ಅವಳು ದನಿ ತಗ್ಗಿಸಿದಳು. “ಅವನು ಹಂದಿಗಳನ್ನ ಕೂಗೋದು ಕೇಳಿಸ್ಕೊಂಡ್ಯಾ? ಅತ್ತೆಯ ಮಾತಲ್ಲಿ ಕೂಗ್ತಾನೆ. ತೊಡರೋದೇ ಇಲ್ಲ.”

“ಅಮ್ಮನ್ನ ಒಲಿಸ್ಕೊಳ್ಳೋಕೆ ಕಲಿತಿದ್ದಾನೆ.”

“ಕಲೀಲಿ.” ಬಾಗಿಲಲ್ಲಿ ನೆರಳು ಕಂಡು ಅವಳು ತಿರುಗಿದಳು. “ಬಾ ಇಂಗೋ, ಸೌದೆ ಅಲ್ಲಿಡು.”

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಫ್ರೋತಾರ್ ಸೌದೆ ಇಟ್ಟ. ತಿದ್ದಲಿಲ್ಲ.

ಎರ್ಕಾನನಿಗೆ ಆಗ ಸಿಟ್ಟು ಬಂತು. ತಾಯಿ ಬರುವುದನ್ನೇ ಕಾದು, “ಅಮ್ಮ, ಕೇಳು. ಇಂಗೋ ಸತ್ತಿದ್ದಾನೆ. ಆ ತೊರೆಯ ದಡದಲ್ಲೇ ಕೊಳೆತು ಹೋಗಿದ್ದಾನೆ. ಇವನು ಫ್ರೋತಾರ್. ನೀನೇ ಹೆತ್ತಿದ್ದು,” ಎಂದು ಕಿರುಚಿದ.

“ಎರ್ಕಾನ್, ಪರರ ಮುಂದೆ ಮನೆಯ ಮಾತು ಆಡಬೇಡ,” ಎಂದಳು ತಾಯಿ.

ಹಂದಿ ಕೊಯ್ಯುವ ದಿನ ದೊರೆಯ ಅಧಿಕಾರಿ ನಮ್ಮೂರಿಗೆ ಬಂದ. ಪ್ರತಿ ಮನೆಯ ಗಂಡಸರೂ ಹೊಸ ದೊರೆಗೆ ನಿಷ್ಠೆಯ ಆಣೆ ಮಾಡಬೇಕಿತ್ತು. ಅವನ ಆಳು ಸಂತರ ಎಲುಬಿದ್ದ ಪುಟ್ಟ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಿದ್ದ. ಲಾಂದಿನಾಳ ಅಂಗಳದಲ್ಲಿ ಕೊಯ್ದ ಹಂದಿ ತಲೆಕೆಳಗಾಗಿ ತೂಗುತ್ತಿತ್ತು. ಅದಾಲಾ ಬಾಣಲೆಯಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಕೈಯಿಂದ ಕಲಕುತ್ತಿದ್ದಳು.

“ಮನೆ ಯಾರದು?”

“ನನ್ನ ಗಂಡನದು, ಸ್ವಾಮಿ. ತೀರಿಕೊಂಡ್ರು,” ಎಂದಳು ಲಾಂದಿನಾ.

“ಗಂಡುಮಕ್ಕಳು?”

“ಇಬ್ಬರು. ಎರ್ಕಾನ್, ಇಂಗೋ.”

ಎರ್ಕಾನನ ಕೈಯಲ್ಲಿದ್ದ ಚೂರಿ ನಿಂತಿತು.

“ಇಂಗೋ ಅನ್ನೋನು ಮೇಲಿನ ಸೀಮೆಯಲ್ಲಿ ಕಡ್ಡಿ ಮುರಿದ ಅಂತ ಕೇಳಿದ್ದೆ,” ಎಂದ ಅಧಿಕಾರಿ.

“ಮುರಿದದ್ದು ಫ್ರೋತಾರ್ ಅಂತ, ಕಿರಿಯವನು. ಅಲ್ಲಿಯವರಿಗೆ ಮುಖ ಗೊತ್ತಿರಲಿಲ್ಲ.”

“ಸ್ವಾಮಿ, ಅಮ್ಮನಿಗೆ ವಯಸ್ಸಾಗಿದೆ,” ಎರ್ಕಾನ್ ಮುಂದೆ ಬಂದ. “ಅಪ್ಪ ಹೋದ ಮೇಲೆ ತಲೆ ಸರಿಯಿಲ್ಲ. ಇವನೇ ಫ್ರೋತಾರ್. ನೀವೇ ಕೇಳಿ.”

ಅಧಿಕಾರಿ ನೀಲಿ ಅಂಗಿಯವನ ಕಡೆ ತಿರುಗಿದ. “ನೀನು ಯಾರಪ್ಪ?”

ಫ್ರೋತಾರ್ ಎಂದರೆ ಮುಗಿಯುತ್ತಿತ್ತು. ಪಾಲು ಉಳಿಯುತ್ತಿತ್ತು, ಹುಲ್ಲುಗಾವಲು ಉಳಿಯುತ್ತಿತ್ತು, ಲೋಥಾರನ ಪರ ಹೊಡೆದಾಡಿದವನೆಂದು ಬೆನ್ನು ತಟ್ಟಿಸಿಕೊಳ್ಳಬಹುದಿತ್ತು. ಎದುರಿನಲ್ಲಿ ತಾಯಿ ನಿಂತಿದ್ದಳು. ಅವಳು ಬೇಡಲಿಲ್ಲ, ಕಣ್ಸನ್ನೆ ಮಾಡಲಿಲ್ಲ. ಕೈ ಚಾಚಿ ಅವನ ಮುಂಗೈ ಹಿಡಿದಳು, ಅಷ್ಟೇ. ಕಡ್ಡಿ ಮುರಿದ ದಿನದಿಂದ ಅವಳು ಅವನನ್ನು ಮುಟ್ಟಿರಲಿಲ್ಲ.

“ಇಂಗೋ,” ಎಂದ ಅವನು.

“ಲೋ!” ಎಂದ ಎರ್ಕಾನ್.

“ಹಾಗಾದ್ರೆ ಕಾರ್ಲನ ಕಡೆ ಇದ್ದವನು. ಆ ಬೆಳಗ್ಗೆ ಎಲ್ಲಿ ನಿಂತಿದ್ದೆ, ಹೇಳು. ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ, ನಾನೂ ಅಲ್ಲಿದ್ದೆ.”

ಅವನು ತಾಯಿಯ ಭಾಷೆಯಲ್ಲಿ ಹೇಳತೊಡಗಿದ. ತಡವರಿಸಲಿಲ್ಲ. “ದಿಬ್ಬದ ಮೇಲಿದ್ವಿ. ಸೂರ್ಯ ನಮ್ಮ ಬೆನ್ನಿಗಿತ್ತು. ತೊರೆ ಆಚೆಯವರ ಮುಖ ಒಂದೊಂದೂ ಸ್ಪಷ್ಟ ಕಾಣ್ತಿತ್ತು. ನನ್ನ ತಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಈ ಕಡೆ ನೋಡ್ತಿದ್ದ. ನಾನು ಕೂಗಿದೆ. ಅವನಿಗೆ ಕೇಳಿಸಿತು. ನಾನು ಅಂತ ಗೊತ್ತಾಗಲಿಲ್ಲ.”

ಬಾಣಲೆಯಲ್ಲಿ ಅದಾಲಾಳ ಕೈ ನಿಂತುಹೋಯಿತು. ರಕ್ತ ಬೆರಳುಗಳ ಸುತ್ತ ಹೆಪ್ಪುಗಟ್ಟಿತು.

“ಸರಿ,” ಎಂದ ಅಧಿಕಾರಿ. ಪೆಟ್ಟಿಗೆಯನ್ನು ಮುಂದಕ್ಕೆ ತರಿಸಿದ. “ದೊರೆಗಳು ರಾಜಿ ಆಗಿದ್ದಾರೆ, ತಲೆಗೇನೂ ಭಯವಿಲ್ಲ. ಆಣೆ ಮಾಡು. ಆದ್ರೆ ನಿನ್ನ ಪಾಲಿನ ಹೊಳೆದಂಡೆ ಹುಲ್ಲುಗಾವಲು ಇವತ್ತಿಂದ ಲೋಥಾರ್ ದೊರೆಯದು.”

ಅವನು ಎಲುಬಿನ ಪೆಟ್ಟಿಗೆಯ ಮೇಲೆ ಕೆಂಪು ಅಂಗೈ ಇಟ್ಟು ಇಂಗೋ ಎಂಬ ಹೆಸರಿನಲ್ಲಿ ಆಣೆ ಮಾಡಿದ.

ಅಧಿಕಾರಿ ಹೋದ ಮೇಲೆ ಎರ್ಕಾನ್ ಚೂರಿಯನ್ನು ನೆಲಕ್ಕೆ ಎಸೆದ. “ಚಳಿಗಾಲದಲ್ಲಿ ಎತ್ತಿಗೆ ಏನು ಹಾಕ್ತೀಯೋ? ನಿನ್ನ ಹೆಸರಾ? ಯಾವುದನ್ನ ಹಾಕ್ತೀಯ, ಎರಡಿದೆಯಲ್ಲ!”

“ಒಂದೇ ಇದೆ ಅಣ್ಣ.”

“ಹಾಗಾದ್ರೆ ಹೇಳು, ಆ ಸೂರ್ಯನ ಮಾತು ಯಾರು ಹೇಳಿಕೊಟ್ರು?”

ಅವನು ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಅಣ್ಣನನ್ನೇ ನೋಡಿದ. ಎರ್ಕಾನ್ ಮೊದಲು ಕಣ್ಣು ತಪ್ಪಿಸಿದ. ಎದುರು ಬಿಸಿಲಲ್ಲಿ ನಿಂತವನು ಎದುರಾಳಿಗಳ ಬೆನ್ನಿಗೆ ಸೂರ್ಯನಿತ್ತು ಎಂದು ಊಹಿಸುವುದು ಕಷ್ಟವಲ್ಲ ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಅದು ಸರಿಯೇ ಇರಬಹುದು. ಆದರೆ ಹಾಗೆ ಹೇಳುವವರೂ ಸಂಜೆಯಾದ ಮೇಲೆ ಆ ಮನೆಗೆ ಬೆಂಕಿ ಕೇಳಲು ಹೋಗುವುದಿಲ್ಲ.

ವಾರ ಕಳೆಯಿತು. ಹಗ್ಗ ಹಿಡಿದು ಉಳಿದ ಜಮೀನನ್ನು ಎರಡು ಪಾಲು ಮಾಡಿದರು. ಒಂದೆತ್ತನ್ನು ಕಡಿದು ಉಪ್ಪು ಹಚ್ಚಿದರು. ಊಟದಲ್ಲಿ ಎಲ್ಲರೂ ಅವನನ್ನು ಇಂಗೋ ಎಂದೇ ಕರೆದರು. ಮೊದಲು ಲಾಂದಿನಾ, ಆಮೇಲೆ ರಿಕ್ಕಾ, ಆಮೇಲೆ ಅದಾಲಾ. ಕೊನೆಗೆ ಎರ್ಕಾನನೂ, ಉಪ್ಪು ಕೊಡು ಎನ್ನುವಾಗ. ಲಾಂದಿನಾ ಅವನಿಗೆ ಮಾಂಸದ ಒಳ್ಳೆಯ ತುಂಡು ಆರಿಸಿ ಹಾಕುವಳು. “ತಿನ್ನೋ, ಎಷ್ಟು ಇಳಿದುಹೋಗಿದ್ದೀಯ,” ಎಂದು ಬೈಯುವಳು. ಅವನು ನಕ್ಕು ತಿನ್ನುವನು.

ಒಂದು ಭಾನುವಾರ ಬೆಳಿಗ್ಗೆ ಅವಳು ಗೋಧಿ ಹಿಟ್ಟಿನ ರೊಟ್ಟಿ ಮಾಡಿದಳು. ಆ ಮನೆಯಲ್ಲಿ ಗೋಧಿ ಹಿಟ್ಟು ತೆಗೆಯುವುದು ಸತ್ತವರಿಗಾಗಿ ಮಾತ್ರ. ತಟ್ಟುತ್ತ ತಟ್ಟುತ್ತ ಅವಳು ಅಳತೊಡಗಿದಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಕುಲ ಬಿಟ್ಟವನ ಸಾವು ಮನೆಗೆ ಸೇರಿದ್ದಲ್ಲ ಎಂದು ಎರ್ಕಾನ್ ಹೇಳಲು ಬಾಯಿ ತೆರೆದ. ಅದಾಲಾ ಅವನ ತೋಳು ಹಿಡಿದಳು.

“ಯಾಕಮ್ಮ?” ಎಂದ ನೀಲಿ ಅಂಗಿಯವನು.

“ಫ್ರೋತಾರ್ ಹೆಸರಲ್ಲಿ ಚರ್ಚಿಗೆ ಒಂದು ರೊಟ್ಟಿ ಕೊಡಬೇಕಪ್ಪ. ಯಾರು ಏನಾದ್ರೂ ಅನ್ನಲಿ, ಹೆತ್ತ ಹೊಟ್ಟೆ.” ಕಣ್ಣೀರು ಹಿಟ್ಟಿಗೆ ಬೀಳುತ್ತಿತ್ತು. “ಪಾಪದ ಹುಡುಗ. ಯುದ್ಧದಿಂದ ಉಳಿದು ಬಂದ. ಮನೇಲಿ ಕಳೆದುಹೋದ.”

ಅವನು ಅವಳನ್ನೇ ನೋಡುತ್ತ ನಿಂತ. ಅವಳಿಗೆ ಎಲ್ಲವೂ ಗೊತ್ತಿದೆಯೋ, ಏನೂ ಗೊತ್ತಿಲ್ಲವೋ, ಆ ಮುಖದಲ್ಲಿ ಕಾಣಲಿಲ್ಲ. ರೊಟ್ಟಿ ಬೆಂದಿತು. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು.

ಚರ್ಚಿನ ಬಾಗಿಲಲ್ಲಿ ಪಾದ್ರಿ ರೊಟ್ಟಿಗಳನ್ನು ತೆಗೆದುಕೊಳ್ಳುತ್ತಿದ್ದ. ಆ ಮನೆಯ ಮೂವರಿಗೂ ಜ್ಞಾನಸ್ನಾನ ಮಾಡಿಸಿದವನು ಅವನೇ, ಮೂವರ ಹಾಲುಹಲ್ಲನ್ನೂ ನೋಡಿದವನು. ಸಾಲು ಮುಂದೆ ಸರಿಯಿತು. ಹಿಂದೆ ಲಾಂದಿನಾಳ ಬಿಕ್ಕಳಿಕೆ ಕೇಳಿಸುತ್ತಿತ್ತು. ಪಾದ್ರಿ ಇನ್ನೂ ಬಿಸಿಯಿದ್ದ ರೊಟ್ಟಿಯನ್ನು ನೋಡಿದ, ಆಮೇಲೆ ಕೊಟ್ಟವನ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ಯಾರಿಗಾಗಿ ಪ್ರಾರ್ಥನೆ?”

“ಫ್ರೋತಾರ್‌ಗಾಗಿ,” ಎಂದ ಅವನು. “ನನ್ನ ತಮ್ಮ.”